ತಾತನ ಮೊಣಕಾಲು, ಕಾರಿನ ಹೀಟರ್

ಬಳ್ಳಾರಿಯಲ್ಲಿ ಕಾರಿಗೆ ಹೀಟರ್ ಎಂದರೆ ನೀವು ನಗುತ್ತೀರಿ. ನಗಿ, ಊರೇ ನಕ್ಕಿತ್ತು. ಇಂಗ್ಲಿಷ್ ಅಧಿಕಾರಿಯೊಬ್ಬ ಊಟಿಯ ಚಳಿಗೆಂದು ಹಾಕಿಸಿದ್ದ ಹೀಟರ್ ಅದು. ಸ್ವಾತಂತ್ರ್ಯ ಬಂದ ಮೇಲೆ ಆತ ದೇಶ ಬಿಟ್ಟ, ಕಾರು ನಮ್ಮ ಮನೆಗೆ ಬಂತು. ಓಡಿಸುವ ಕೆಲಸ ಕಾಲೇಜು ಮುಗಿಸಿ ಸುಮ್ಮನೆ ಕೂತಿದ್ದ ನನ್ನ ಕೊರಳಿಗೆ ಬಿತ್ತು.

ಆ ಹೀಟರಿಗೆ ಇಡೀ ಊರಿನಲ್ಲಿ ಒಬ್ಬನೇ ಭಕ್ತ, ನಮ್ಮ ತಾತ. ವಾತದಿಂದ ಅವರ ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಧೋತರ ಮೇಲೆತ್ತಿ, ಬಿಸಿಗಾಳಿಗೆ ಕಾಲೊಡ್ಡಿದರೆ ಮಾತ್ರ ಇಳಿಯುವಾಗ ತಾವೇ ಎದ್ದು ನಡೆಯುತ್ತಿದ್ದರು. ಪಕ್ಕದಲ್ಲಿ ನಾನು ಬೇಯುತ್ತಿದ್ದೆ. ಕೇಳುವವರು ಯಾರು?

ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಅಣ್ಣನೇ ಹೋಗಬೇಕು. ತಾತನ ತಂಗಿಯ ಮನೆ ಸಿರುಗುಪ್ಪದಲ್ಲಿ. ಹೋದ ವರ್ಷ ಕಾಲುನೋವೆಂದು ತಾತ ನಮ್ಮಪ್ಪನನ್ನು ಕಳಿಸಿದ್ದರು. ಆ ಅಜ್ಜಿ ಅಪ್ಪನಿಗೆ ಊಟ ಹಾಕಿಸಿ ವಾಪಸ್ ಅಟ್ಟಿದ್ದಳು. "ಅಣ್ಣ ಬಂದು ಕರದ್ರ ಬರ್ತೀನಿ. ಇಲ್ಲಂದ್ರ ತವರಮನಿ ದಾರೀನ ಮರೀತೀನಿ ಅಂತ ಹೇಳು!" ಈ ಸಲ ಹೀಟರ್ ಇದೆಯಲ್ಲ ಎಂದು ತಾತ ಮೀಸೆ ತಿರುವುತ್ತಿದ್ದರು.

ಹೊರಡುವ ಹಿಂದಿನ ದಿನ ಹೀಟರಿನ ಫ್ಯಾನು ನಿಂತಿತು.

"ಏನರ ಮಾಡಲೇ! ಈ ಸಲ ನಾ ಹೋಗದಿದ್ರ ಆಕಿ ಇನ್ನ ಬರೂದಿಲ್ಲ," ಎಂದರು ತಾತ. ಅವರ ಮುಖ ನೋಡಲಾಗಲಿಲ್ಲ.

ಫ್ಯೂಸು ನೋಡಿದೆ, ಸರಿಯಿತ್ತು. ಸ್ವಿಚ್ಚಿನ ಹಿಂದಿನ ವೈರು ಬಿಗಿ ಮಾಡಿದೆ, ಊಹೂಂ. ಬ್ಯಾಟರಿಯಿಂದಲೇ ನೇರ ವೈರು ಎಳೆದು ಮುಟ್ಟಿಸಿದೆ. ಮೋಟಾರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಅಂದರೆ ಕರೆಂಟು ಬರುತ್ತಿದೆ, ಫ್ಯಾನನ್ನೇ ಏನೋ ಹಿಡಿದುಕೊಂಡಿದೆ. ಡಬ್ಬಿ ಬಿಚ್ಚಿದೆ. ಶಿವಶಿವಾ! ಎರೆಮಣ್ಣಿನ ಧೂಳು, ಹತ್ತಿಯ ಎಳೆ ಎಲ್ಲ ಸೇರಿ ರೆಕ್ಕೆಗಳಿಗೆ ಕಪ್ಪು ಅಂಟು ಮೆತ್ತಿತ್ತು. ಮೂಸಿ ನೋಡಿದರೆ ತಾತ ಮೊಣಕಾಲಿಗೆ ಹಚ್ಚುವ ಔಡಲೆಣ್ಣೆ!

"ತಾತ, ಇದರಾಗ ಎಣ್ಣಿ ಯಾರು ಹಾಕಿದ್ರು?"

ತಾತ ಬೇವಿನ ಮರದ ತುದಿ ನೋಡತೊಡಗಿದರು. "ನಾನ ಹಾಕೀನಿ. ಬರೇ ಬಿಸಿಗಾಳಿಲೆ ಏನಾಕೈತಿ? ಎಣ್ಣಿ ಬಿಟ್ರ ಔಷಧದ ಗಾಳಿ ಬರ್ತೈತಿ ಅಂತ ದಿನಾ ಒಂದೀಟು ಬಿಡ್ತಿದ್ದೆ."

"ಅಯ್ಯ ನಿಮ್ಮ!" ಎಂದು ಒಳಗಿನಿಂದ ನಮ್ಮ ಅಜ್ಜಿ ಓಡಿ ಬಂದಳು. "ಎಣ್ಣಿ ಎಲ್ಲಿ ಹೋತು ಅಂತ ನಾ ಸುಮ್ಮನ ಸೊಸಿಗೆ ಬೈದೆನಲ್ರೀ!" ಬಾಗಿಲ ಹಿಂದೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಒರೆಸಿ ಒಣಗಿಸಿದೆ. ರೆಕ್ಕೆಯೇನೋ ಬೆರಳಿಗೆ ತಿರುಗಿತು, ಆದರೆ ವೈರು ಮುಟ್ಟಿಸಿದರೆ ಹೊಗೆ ಬಂತು. ಒದ್ದಾಡಿ ಒದ್ದಾಡಿ ಮೋಟಾರು ಸುಟ್ಟುಹೋಗಿತ್ತು.

ಆದರೂ ತಾತ ಹೊರಟರು. ತೆಕ್ಕಲಕೋಟೆ ದಾಟುವಷ್ಟರಲ್ಲಿ ಕಾಲು ಕೊರಡಾದವು. ಸಿರುಗುಪ್ಪದ ಅಜ್ಜಿ ಮೆಟ್ಟಿಲುಗಳ ಮೇಲಿನ ಹೊಸ್ತಿಲಲ್ಲಿ ಹೊಸ ಸೀರೆ ಉಟ್ಟು ಮಹಾರಾಣಿಯ ಹಾಗೆ ಕೂತಿದ್ದಳು. ಕಾರು ಕಂಡರೂ ಏಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಕಾಲು ಬರವಲ್ವು ತಂಗಿ. ನೀನ ಇಳದು ಬಾ," ಎಂದರು ತಾತ.

"ಬಾಗಿಲಿಗೆ ಬಂದು ಕರೀದ ಹೆಂಗ ಬರ್ಲೋ ಅಣ್ಣ?"

ತಾತ ನನ್ನ ಕೈ ಕೊಡವಿ ಕಾರಿನ ಬಾಗಿಲು ಹಿಡಿದು ಇಳಿದರು. ಹೇಗೋ ಕೆಳಗಿನ ಮೆಟ್ಟಿಲು ಮುಟ್ಟಿ ಅಲ್ಲೇ ಕುಸಿದರು. ಕಣ್ಣಲ್ಲಿ ನೀರು. ಅದನ್ನು ನೋಡಿ ಅಜ್ಜಿ ಕೂತಲ್ಲಿಂದಲೇ ಜಾರತೊಡಗಿದಳು. ಹೊಸ ಸೀರೆ ಕಲ್ಲಿಗೆ ಉಜ್ಜುತ್ತ, ಒಂದೊಂದೇ ಮೆಟ್ಟಿಲು ಜಾರಿ ಬಂದು ಅಣ್ಣನ ಪಕ್ಕ ಕೂತಳು.

"ನಿನ್ನ ಕಾಲೂ ಹೋದುವೇನಬೇ?"

"ಹೋದ ವರ್ಷ ನಿನ್ನ ಮಗ ಬಂದಾಗ ಏಳಾಕ ಆಗ್ಲಿಲ್ಲ. ಗೊತ್ತಾದ್ರ ಕೊರಗ್ತಿ ಅಂತ ಜಗಳ ತಗದೆ."

ತಾತ ಅವಳ ಕೈ ಹಿಡಿದು, "ನಡಿ ತಂಗಿ, ಪಂಚಮಿಗೆ ಮನಿಗೆ ಹೋಗೂಣು," ಎಂದು ಕರೆದರು.

ಕರೆದದ್ದೇನೋ ಆಯಿತು. ಇಬ್ಬರಿಗೂ ಏಳಲಾಗಲಿಲ್ಲ. ಒಬ್ಬೊಬ್ಬರನ್ನೇ ಎತ್ತಿ ಕಾರಿಗೆ ಹಾಕಿಕೊಂಡು ಬಂದೆ.