ಯಶೋಧರೆಯ ಬೆಳಗಿಗೆ ಒಂದು ಛಂದಸ್ಸು

ಒಂಟಿ ಮನೆಯಲ್ಲಿ ಓಡಾಡುವುದಕ್ಕೆ ನನಗಿದ್ದವು ಎರಡೇ ಪಾದ. ಆರು ಪಾದಗಳ ಷಟ್ಪದಿಯ ಮೇಲೆ ಆಸೆ ಹುಟ್ಟಿದ್ದು ಅದಕ್ಕೇ ಇರಬೇಕು. ಹೆಂಡತಿ ತೀರಿಕೊಂಡ ಮರುವರ್ಷ, ಊರೂರಿಗೂ ಮೊಬೈಲು ಆಗತಾನೆ ಬರುತ್ತಿದ್ದ ಕಾಲದಲ್ಲಿ, ಜಂಗಮಕೋಟೆಯ ಕನ್ನಡ ಮೇಷ್ಟರಾಗಿದ್ದ ನಾನು ಬುದ್ಧನ ಮೇಲೆ ಮಹಾಕಾವ್ಯ ಬರೆಯಲು ಕುಳಿತೆ. ಕಂದಪದ್ಯ ಕೈಗೆಟುಕಲಿಲ್ಲ, ರಗಳೆ ಹಿಡಿದರೆ ನಿಲ್ಲಲಿಲ್ಲ, ಗಾಂಭೀರ್ಯಕ್ಕೆ ವಾರ್ಧಕ ಷಟ್ಪದಿಯೇ ಸರಿಯೆಂದು, ವಾರ್ಧಕ್ಯದ ಹೊಸ್ತಿಲಲ್ಲಿದ್ದವನು ತೀರ್ಮಾನಿಸಿದೆ. ಸಿದ್ಧಾರ್ಥ ಅರಮನೆ ಬಿಟ್ಟು ಹೊರಡುವುದಕ್ಕೇ ನಲವತ್ತು ಪದ್ಯ ಹಿಡಿಯಿತು.

ಕಾವ್ಯವಾದ ಮೇಲೆ ಕೇಳುವವರು ಬೇಕಲ್ಲ? ಪಕ್ಕದ ಮನೆಯ ಮುನಿರತ್ನಮ್ಮ ರೇಷ್ಮೆಹುಳು ಸಾಕುತ್ತಿದ್ದರು. ಓದು ಬರಹ ಬಾರದಿದ್ದರೂ ಹಾಡಿನಲ್ಲಿ ಗಟ್ಟಿಗರು. ಅವರ ಮನೆಯಲ್ಲಿ ಬುದ್ಧನ ಪಟಕ್ಕೆ ದಿನವೂ ದೀಪ. ಒಂದು ಭಾನುವಾರ ಅವರ ಜಗಲಿಯಲ್ಲಿ ಕುಳಿತು ನಲವತ್ತನ್ನೂ ಓದಿದೆ. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಕೇಳಿಸಿಕೊಂಡ ಅವರು ಕೊನೆಗೆ ಅಂದದ್ದು ಒಂದೇ ಮಾತು:

“ಬೆಳಿಗ್ಗೆ ಎದ್ದಾಗ ಆಯಮ್ಮ ಏನ್ ಮಾಡಿದ್ಲು, ಮೇಷ್ಟ್ರೇ?”

“ಯಾರಮ್ಮ?”

“ಅವನ ಹೆಂಡ್ತಿ.”

ಕುದುರೆಗೇ ಆರು ಪದ್ಯ ಕೊಟ್ಟಿದ್ದೆ. ಯಶೋಧರೆಗೆ ಒಂದೂ ಇರಲಿಲ್ಲ.

“ನಮ್ಮೋನೂ ಹಂಗೇ, ಬೆಳಕಾಗೋ ಮುಂಚೆ ಹೋದ. ಹಿತ್ತಲಲ್ಲಿರ್ತಾನೆ ಅಂತ ಕೂಗ್ದೆ. ಬರ್ತಾನಲ್ಲ ಅಂತ ಇಬ್ರಿಗೂ ಮುದ್ದೆ ತಿರುವಿಟ್ಟೆ. ಹನ್ನೆರಡು ವರ್ಷ ಆಯ್ತು,” ಎಂದರು. “ಅದನ್ನ ಬರೀರಿ. ನಾನು ಹಾಡ್ಕೊಳ್ಳೋ ಹಂಗಿರ್ಲಿ.”

ವಾರ್ಧಕಕ್ಕೆ ಆ ಬೆಳಗು ಒಗ್ಗಲಿಲ್ಲ. ಹಾಡಿಗೆ ಒದಗುವ ಸಾಂಗತ್ಯಕ್ಕೆ ಇಳಿದೆ. ಆ ಹೆಸರಿಗೇ ‘ಜೊತೆ’ ಎಂಬ ಅರ್ಥವಿದೆಯೆಂದು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟವನಿಗೆ ಅದು ಅರಿವಾದದ್ದು ಆ ವಾರವೇ.

ಎದ್ದವಳು ಹಿತ್ತಲಿಗೆ ಹೋಗಿ ಕೂಗಿದಳೊಮ್ಮೆ
ಸದ್ದಿಲ್ಲ ಮರುದನಿಯು ಇಲ್ಲ
ನಿದ್ದೆಯಲಿ ಮಗು, ಒಲೆಯ ಮೇಲಿಬ್ಬರಿಗೆ ಬೆಂದ
ಮುದ್ದೆಯಾರುತ್ತಲಿದೆ ಹಾಗೆ

ಕಪಿಲವಸ್ತುವಿನಲ್ಲಿ ರಾಗಿ ಮುದ್ದೆಯೇ ಎಂದು ಪಂಡಿತರು ನಗುವರೆಂದು ಮೂರು ಸಲ ಹೊಡೆದುಹಾಕಿ, ಮೂರು ಸಲವೂ ಮತ್ತೆ ಬರೆದೆ.

ಮುಂದಿನ ಭಾನುವಾರ ಹೇಳಿಕೊಟ್ಟೆ. ಮುನಿರತ್ನಮ್ಮ ಎರಡೇ ಸಲಕ್ಕೆ ರಾಗ ಹಿಡಿದು ಹಾಡಿ, ಕೊನೆಯ ಸಾಲಿನಲ್ಲಿ ತಡೆದು ನನ್ನತ್ತ ನೋಡಿದರು.

“ಆರಿಹೋಗಿದ್ದು ನಾನು ಹೇಳ್ಲೇ ಇಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?”

“ನಮ್ಮನೇಲೂ ದಿನಾ ಇಬ್ಬರಿಗೇ ಅನ್ನ ಇಟ್ಬಿಡ್ತೀನಿ ಕಣಮ್ಮ,” ಎಂದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಅವರು ಸೊಪ್ಪಿನ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮೊದಲಿನಿಂದ ಮತ್ತೆ ಹಾಡತೊಡಗಿದರು. ಎರಡನೆಯ ಸಾಲಿಗೆ ನಾನೂ ದನಿಗೂಡಿಸಿದೆ.