ಬಾಯಾರಿದ ಮೋಟಾರು

ಹಿತ್ತಾಳೆಯನ್ನು ಬೂದಿಯಲ್ಲಿ ಉಜ್ಜಿದಾಗ ಬರುವ ಹೊಳಪೇ ಬೇರೆ, ಹುಣಸೆಹಣ್ಣಿನಲ್ಲಿ ಉಜ್ಜಿದಾಗ ಬರುವ ಹೊಳಪೇ ಬೇರೆ. ಇದನ್ನು ಒಪ್ಪದ ಹೆಂಗಸನ್ನು ನಾನಂತೂ ಕಂಡಿಲ್ಲ. ಮೊನ್ನೆ ಮೊಮ್ಮಗಳು ಹಳೆಯ ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿರುವ ಒಂದು ಸಂಗ್ರಹಾಲಯಕ್ಕೆ ನನ್ನನ್ನು ಕರೆದೊಯ್ದಳು. ರಾಜರು ಕುಳಿತದ್ದು, ದೊರೆಗಳು ತರಿಸಿದ್ದು, ಇಡೀ ಸೀಮೆಗೆ ಒಂದೇ ಒಂದು ಇದ್ದದ್ದು, ಹೀಗೆ ಒಂದೊಂದು ಗಾಡಿಯ ಮುಂದೂ ಅದರ ಹಿರಿಮೆಯ ಫಲಕ. ನಡುವೆ ಹಗ್ಗದ ಬೇಲಿ. ನನ್ನ ಕಣ್ಣು ಮಾತ್ರ ಅವುಗಳ ಹಿತ್ತಾಳೆಯ ದೀಪಗಳ ಮೇಲೆಯೇ ನಿಂತಿತು. ಯಾವುದೋ ಎಣ್ಣೆ ಬಳಿದು ಮಂಕು ಮಾಡಿಬಿಟ್ಟಿದ್ದರು. ಅಂಥ ಎರಡು ದೀಪಗಳನ್ನು, ದೇವರ ಮನೆಯ ಪಾತ್ರೆಗಳ ಜೊತೆಗೇ, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ ಸೊಸೆ ನಾನು ಎಂದರೆ ಅಲ್ಲಿದ್ದ ಕಾವಲುಗಾರ ನಂಬುತ್ತಿರಲಿಲ್ಲ.

ಗೆಳೆಯರೇ, ನೋಡುವ ವಸ್ತುವಿಗೂ ಬಳಸುವ ವಸ್ತುವಿಗೂ ಬಹಳ ಅಂತರವಿದೆ. ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಾಗ ನಮ್ಮ ಮಾವನವರ ಮೋಟಾರು ನೋಡುವ ವಸ್ತುವಾಗಿತ್ತು. ಮಹಾರಾಜರ ಆಳ್ವಿಕೆಯ ಕಾಲ. ದುರ್ಗಕ್ಕೆ ಇನ್ನೂ ರೈಲು ಬಂದಿರಲಿಲ್ಲ. ಹತ್ತಿಯ ವ್ಯಾಪಾರ ಮಾಡುತ್ತಿದ್ದ ಮಾವನವರು ಬೆಂಗಳೂರಿನ ದಂಡಿನ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ ಅವನ ಗಾಡಿಯನ್ನು ಕೊಂಡು ತಂದಿದ್ದರು. ಅವರ ಮಗ, ಅಂದರೆ ನಮ್ಮವರು, ಅಲ್ಲಿಯೇ ಕೆಲಕಾಲವಿದ್ದು ಓಡಿಸುವುದನ್ನು ಕಲಿತು ಬಂದಿದ್ದರು. ಆದರೆ ಓಡಿಸಲು ಮಾವ ಬಿಟ್ಟರೆ ತಾನೆ? ಆಯುಧಪೂಜೆಯ ದಿನ ಪೇಟೆಯ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಮತ್ತೆ ವರ್ಷವಿಡೀ ಅದು ಹಜಾರದ ನೆರಳಿನಲ್ಲೇ. ಹಿರಿಯೂರಿನಿಂದ, ಹೊಸದುರ್ಗದಿಂದ ಸಂತೆಗೆ ಬಂದವರು ಅದನ್ನು ನೋಡಿಕೊಂಡೇ ಊರಿಗೆ ಮರಳುತ್ತಿದ್ದರು. ಯಾರಾದರೂ ಕೈಯಿಟ್ಟರೆ ಮಾವನವರ ಕೆಮ್ಮು ಕೇಳಿಸುತ್ತಿತ್ತು. ಅದಕ್ಕೆ ಏನಾದರೂ ಆದರೆ ಎಂಬ ಆತಂಕ ಅವರನ್ನು ಹಗಲಿರುಳೂ ಬಿಡುತ್ತಿರಲಿಲ್ಲ. ಆತಂಕದ ಸ್ವಭಾವವೇ ಅಂಥದು; ತನಗೆ ಪ್ರಿಯವಾದದ್ದನ್ನು ಅಪ್ಪಿಕೊಂಡು, ಅದನ್ನು ಬದುಕಗೊಡದೆ ಇಡುತ್ತದೆ.

ಒಂದು ಬೆಳಗ್ಗೆ ನಾನು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ರಂಗೋಲಿ ಹಾಕುತ್ತಿದ್ದೆ. ನಾಯಿ ಬಂದದ್ದು ಕಾಣಲಿಲ್ಲ. ಕೆನ್ನೆಗೆ ಕೆಂಡ ತಾಗಿದಂತಾಯಿತು, ಅಷ್ಟೆ. ನಮ್ಮ ಕೊಟ್ಟಿಗೆಯ ಸಗಣಿ ಬಾಚಿ ಕುಳ್ಳು ತಟ್ಟುತ್ತಿದ್ದ ಹನುಮಕ್ಕ ಪೊರಕೆ ಹಿಡಿದು ಓಡಿಬಂದು, ಅದು ಬಿಡದಿದ್ದಾಗ ಬರಿಗೈಯಲ್ಲೇ ಅದರ ಕುತ್ತಿಗೆ ಹಿಡಿದು ಎಳೆದಳು. ಅವಳ ಮುಂಗೈಯನ್ನು ಕಚ್ಚಿ ಅದು ಓಡಿತು. ಜೊಲ್ಲು ಸುರಿಸುತ್ತ ದನಕರುಗಳ ಮೇಲೆ ಎರಗಿದ ಆ ನಾಯಿಯನ್ನು ಪೇಟೆಯ ಜನ ಅಟ್ಟಿಸಿಕೊಂಡು ಹೋಗಿ ಕೊಂದರೆಂದು ಸ್ವಲ್ಪ ಹೊತ್ತಿಗೆಲ್ಲ ಸುದ್ದಿ ಬಂತು. ಹುಚ್ಚುನಾಯಿ ಎಂಬ ಮಾತನ್ನು ಯಾರೂ ನನ್ನೆದುರು ಆಡಲಿಲ್ಲ. ಆಡದ ಮಾತು ಮನೆಯ ತುಂಬ ಓಡಾಡತೊಡಗಿತು.

ಮನೆಗೆ ಬಂದ ಆಸ್ಪತ್ರೆಯ ಡಾಕ್ಟರು ನನ್ನ ಗಾಯ ತೊಳೆದು, ಮಾವನವರನ್ನು ಬದಿಗೆ ಕರೆದರು. ಗೋಡೆಯ ಈಚೆಗಿದ್ದ ನನಗೆ ಎಲ್ಲವೂ ಕೇಳಿಸಿತು.

"ನೀಲಗಿರಿಯಲ್ಲಿ ಇದಕ್ಕೆ ಸೂಜಿಮದ್ದು ಕೊಡ್ತಾರೆ. ಗಾಯ ಮುಖದ ಮೇಲಾಗಿದೆ, ವಿಷ ಬೇಗ ತಲೆಗೇರುತ್ತೆ. ಇವತ್ತಿನ ರೈಲೇ ಹಿಡೀಬೇಕು. ನೀರು ಕಂಡರೆ ಹೆದರೋ ಹಾಗಾದ ಮೇಲೆ ಯಾರ ಕೈಲೂ ಏನೂ ಆಗಲ್ಲ."

ರೈಲು ಸಿಗುವುದು ಹೊಳಲ್ಕೆರೆಯ ಆಚೆ, ಚಿಕ್ಕಜಾಜೂರಿನಲ್ಲಿ. ಎತ್ತಿನ ಗಾಡಿ ಕಟ್ಟಿದರೆ ಸಂಜೆಯ ರೈಲು ಸಿಗುವ ಮಾತೇ ಇರಲಿಲ್ಲ. ಅತ್ತೆ ಅಳುತ್ತ, "ಭರಮಸಾಗರದಾಗೆ ನಾಟಿ ಔಷಧ ಕೊಡೋರು ಅದಾರೆ, ಅಲ್ಲಿಗೇ ಹೋಗಾಣ" ಎಂದರು. ಮಾವ ಹಜಾರದಲ್ಲಿ ನಿಂತು ಮೋಟಾರಿನ ಕಡೆ ನೋಡಿದರು. ಊರ ಬಾಗಿಲು ದಾಟಿ ಅರಿಯದ ಗಾಡಿ. ದಾರಿಯೋ, ಕಲ್ಲು ಕೊರಕಲುಗಳದ್ದು. ನಡುವೆ ನಿಂತುಹೋದರೆ ಇತ್ತ ರೈಲೂ ಇಲ್ಲ, ಅತ್ತ ಔಷಧವೂ ಇಲ್ಲ.

"ಮೋಟಾರು ತಗಿಯಪ್ಪ" ಎಂದರು ಮಗನಿಗೆ.

ಮದುವೆಯಾದಂದಿನಿಂದ ನಾನು ಮಾವನವರ ಎದುರು ನಿಂತು ಮಾತಾಡಿದವಳಲ್ಲ. ಅಂದು ಅದು ಹೇಗೆ ಬಾಯಿಂದ ಬಂತೋ. "ಹನುಮಕ್ಕಗೂ ಕಚ್ಚೈತೆ, ಮಾವ" ಎಂದೆ. ಅವಳು ಕೊಟ್ಟಿಗೆಯ ಬಳಿ ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. ಅವಳ ಗಾಯವನ್ನು ಡಾಕ್ಟರಿಗೆ ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಸಹ.

ಅತ್ತೆಯ ಅಳು ನಿಂತಿತು. "ಅವಳು ಊರಾಚೆ ಕೇರಿಯವಳು. ನಮ್ಮ ಜತಿಗೆ ಹೆಂಗೆ ಕುಂತ್ಕಂತಾಳೆ?"

ಮಾವ ಮೋಟಾರಿನ ಹಿಂದಿನ ಬಾಗಿಲು ತೆರೆದರು. ಆಮೇಲೆ, "ನಾಯೇನು ಕುಲ ಕೇಳಿ ಕಚ್ಚೀತಾ? ಹತ್ತಸ್ರಿ" ಎಂದು ತಾವೂ ಹತ್ತಿದರು. ಮುಂದೆ ಮಾವ ಮತ್ತು ನಮ್ಮವರು, ಹಿಂದೆ ನಾವಿಬ್ಬರು. ಹನುಮಕ್ಕ ಸೀಟು ಬಿಟ್ಟು ಕೆಳಗೆ ಮುದುಡಿ ಕುಳಿತಳು. ನಾನು ಮೇಲೆ ಕರೆದರೂ ಬರಲಿಲ್ಲ. ಊರು ದಾಟಿದ ಮೇಲೆ, ಕುಲುಕಾಟ ತಡೆಯಲಾರದೆ ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತಳು.

"ಇದಕ್ಕಿಂತ ಆ ನಾಯೇ ವಾಸಿ ಕಣ್ರಿ ಅಮ್ಮಾರೆ" ಎಂದಳು, ಸೀಟಿನ ಅಂಚನ್ನು ಭದ್ರವಾಗಿ ಹಿಡಿದು. "ಅದು ಒಂದೇ ಸಲಕ್ಕೆ ಕಚ್ಚಿ ಬಿಟ್ಟೋತು."

ನಗು ಬಂದು ಕೆನ್ನೆಯ ಗಾಯ ಸೆಳೆಯಿತು. ನಕ್ಕ ಮರುಕ್ಷಣವೇ ಭಯ. ಹುಚ್ಚಿನ ಮೊದಲ ಲಕ್ಷಣ ಹೀಗೆ ನಗುವುದೇ ಇರಬಹುದೆ? ಗಂಟಲು ಒಣಗುತ್ತಿದೆಯಲ್ಲ, ಅದು ಧೂಳಿನಿಂದಲೋ ವಿಷದಿಂದಲೋ? ಅಲ್ಲಿಯವರೆಗೆ ನನ್ನ ದೇಹ ನನ್ನ ಮನೆಯಾಗಿತ್ತು; ಈಗ ಅದರ ಪ್ರತಿ ಕೋಣೆಯಲ್ಲೂ ಯಾರೋ ಅಡಗಿದ್ದಾರೆಂದು ಕಿವಿಗೊಟ್ಟು ಆಲಿಸುವಂತಾಗಿತ್ತು.

ಹೊಳಲ್ಕೆರೆ ದಾಟಿ ಒಂದು ಏರಿನಲ್ಲಿ ಮೋಟಾರು ನಿಂತಿತು. ಮುಂಭಾಗದಿಂದ ಹಬೆ ಬುಸುಗುಟ್ಟಿ ಏಳುತ್ತಿತ್ತು. ನಮ್ಮವರು ಇಳಿದು ನೋಡಿ, "ನೀರೆಲ್ಲ ಕುದ್ದು ಬತ್ತಿ ಹೋಗೈತೆ ಅಪ್ಪಾರೆ. ನೀರು ಬಿದ್ರೇ ಇದು ಮುಂದಕ್ಕೆ ಹೋಗೋದು" ಎಂದರು. ರಸ್ತೆಯಿಂದ ತುಸು ದೂರದಲ್ಲಿ ಹೊಲದ ಬಾವಿಯೊಂದಿತ್ತು. ಒಳಗೆ ಇಳಿಯಲು ಮೆಟ್ಟಿಲಿಲ್ಲ, ಗಡಗಡೆಗೆ ಹಗ್ಗವಿಲ್ಲ, ಸುತ್ತ ನರಪಿಳ್ಳೆಯಿಲ್ಲ. ಹೊತ್ತು ಪಡುವಣಕ್ಕೆ ಜಾರುತ್ತಿತ್ತು.

ನಮ್ಮ ಮಾವನವರ ಬರಿದಲೆಯನ್ನು ಮನೆಯ ಹೆಂಗಸರೂ ಕಂಡಿರಲಿಲ್ಲ. ಅವರು ಬಾವಿಯ ಕಟ್ಟೆಯ ಮೇಲೆ ನಿಂತು, ತಲೆಯ ರುಮಾಲನ್ನು ಸುತ್ತು ಸುತ್ತಾಗಿ ಬಿಚ್ಚಿದರು. ತುದಿಗೆ ಬುತ್ತಿಯ ಜೊತೆಗೆ ತಂದಿದ್ದ ಚೊಂಬನ್ನು ಕಟ್ಟಿ ಇಳಿಬಿಟ್ಟರು. ಜರಿಯ ಅಂಚು ಪಾಚಿಯ ಕಲ್ಲಿಗೆ ಉಜ್ಜಿ ಹರಿಯುತ್ತಿದ್ದರೂ ನೋಡಲಿಲ್ಲ. ನೀರು ಸೇದಿ ಸೇದಿ ಕೊಟ್ಟರು, ನಮ್ಮವರು ಹಬೆ ಇಳಿದ ಮೇಲೆ ಹೊತ್ತೊಯ್ದು ತುಂಬಿದರು. ಆ ಯಂತ್ರ ಉಳುಮೆ ಮುಗಿಸಿ ಬಂದ ಎತ್ತಿನಂತೆ ಕುಡಿದೇ ಕುಡಿಯಿತು.

ಕೊನೆಯ ಚೊಂಬನ್ನು ಮಾವ ನನ್ನೆದುರು ಹಿಡಿದರು. "ನೀನೊಂದು ಗುಟುಕು ಕುಡಿಯಮ್ಮ."

ನೀರು ಚೊಂಬಿನಲ್ಲಿ ಅಲುಗುತ್ತಿತ್ತು. ನನ್ನ ಕೈ ಮುಂದೆ ಬರಲಿಲ್ಲ. ಬಾಯಾರಿಕೆ ಇತ್ತು, ಆದರೆ ಗುಟುಕು ಇಳಿಯದಿದ್ದರೆ? ಇಳಿಯದೆಂದು ಗೊತ್ತಾಗುವುದಕ್ಕಿಂತ ಕುಡಿಯದಿರುವುದೇ ಮೇಲೆನಿಸಿತು. ಆ ಕ್ಷಣದಲ್ಲಿ ನಾನು ಹೆದರಿದ್ದು ನೀರಿಗೋ, ನೀರಿಗೆ ಹೆದರುವೆನೆಂಬ ಹೆದರಿಕೆಗೋ, ಇಂದಿಗೂ ಹೇಳಲಾರೆ.

ಹನುಮಕ್ಕ ಬೊಗಸೆಯೊಡ್ಡಿದಳು. "ನನಗೆ ಮೊದ್ಲು ಹಾಕ್ರಿ ಯಜಮಾನ್ರೆ. ಇಬ್ರಿಗೂ ಕಚ್ಚಿದ್ದು ಒಂದೇ ನಾಯಿ. ನನಗಿಳಿದ್ರೆ ಅಮ್ಮಾರಿಗೂ ಇಳೀತೈತೆ."

ಮಾವ ಎತ್ತರದಿಂದ ನೀರು ಹೊಯ್ದರು. ಅವಳು ಕುಡಿದು, ಬಾಯಿ ಒರೆಸಿಕೊಂಡು, "ತಣ್ಣಗೈತೆ" ಎಂದಳು. ಆಗ ನಾನೂ ಕುಡಿದೆ.

ರೈಲು ಹೊರಡುವ ಮುನ್ನ ಚಿಕ್ಕಜಾಜೂರು ಮುಟ್ಟಿದೆವು. ನಮ್ಮಿಬ್ಬರ ಜೊತೆ ನಮ್ಮವರು ಹತ್ತಿದರು. ಓಡಿಸುವವರಿಲ್ಲದ ಮೋಟಾರು ನಿಲ್ದಾಣದಾಚೆಯ ಹುಣಸೆಮರದಡಿ ಉಳಿಯಿತು. "ಅದು ಅಲ್ಲೇ ಬಿದ್ದಿರ್ಲಿ. ನೀವು ನೆಟ್ಟಗೆ ಬರ್ರಿ" ಎಂದರು ಮಾವ. ಒದ್ದೆ ರುಮಾಲನ್ನು ಹೆಗಲಿಗೆ ಹಾಕಿಕೊಂಡು ಬರಿದಲೆಯಲ್ಲಿ ನಿಂತಿದ್ದ ಅವರು ರೈಲು ಕದಲುವವರೆಗೂ ಒಮ್ಮೆಯೂ ಮೋಟಾರಿನತ್ತ ತಿರುಗಲಿಲ್ಲ.

ನೀಲಗಿರಿಯ ಚಳಿಯಲ್ಲಿ ದಿನವೂ ಹೊಟ್ಟೆಗೆ ಸೂಜಿ. ಅಕ್ಕಪಕ್ಕದ ಚಾಪೆಗಳಲ್ಲಿ ಮಲಗಿ ನಾವಿಬ್ಬರೂ ಒಬ್ಬರ ಉಸಿರನ್ನೊಬ್ಬರು ಕೇಳುತ್ತಿದ್ದೆವು. ಊರಿಗೆ ಮರಳುವಾಗ ಅಲ್ಲಿಯ ಡಾಕ್ಟರು, ಇನ್ನು ಭಯವಿಲ್ಲ, ಆದರೂ ಒಂದು ವರ್ಷ ಎಚ್ಚರವಾಗಿರಿ ಎಂದರು. ಅವರ ಮೊದಲ ಮಾತನ್ನು ಮರೆತು ಎರಡನೆಯದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮೋಟಾರು ಮತ್ತೆ ಹಜಾರಕ್ಕೆ ಬಂತು, ಆದರೆ ಅಲ್ಲಿ ನಿಲ್ಲಲಿಲ್ಲ. ಹೆರಿಗೆ ಕಷ್ಟವಾದವರು, ಹಾವು ಕಚ್ಚಿದವರು, ಯಾರು ಬಂದು ಕೂಗಿದರೂ ಮಾವ ಮಗನನ್ನು ಕಳಿಸುತ್ತಿದ್ದರು. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಗಾಡಿ ಸವೆದು ಸವೆದು, ಒಂದು ದಿನ ಹಳೆಯ ಕಬ್ಬಿಣದ ತೂಕಕ್ಕೆ ಹೋಯಿತು. ಯಾವ ಸಂಗ್ರಹಾಲಯದಲ್ಲೂ ನೀವು ಅದನ್ನು ಕಾಣಲಾರಿರಿ.

ನನ್ನ ಭಯ ಮಾತ್ರ ಅಷ್ಟು ಬೇಗ ಸವೆಯಲಿಲ್ಲ. ದಿನಾ ಬೆಳಗ್ಗೆ ಹನುಮಕ್ಕ ಕೊಟ್ಟಿಗೆಗೆ ಬಂದ ಕೂಡಲೇ, "ನೀರು ಇಳೀತಾ?" ಎಂದು ನಾನು ಕೇಳಬೇಕು, "ಇಳೀತು, ನಿಮಗೆ?" ಎಂದು ಅವಳು ಕೇಳಬೇಕು. ಆಮೇಲೆಯೇ ನನ್ನ ದಿನ ಶುರು. ಹೀಗೆ ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಒಂದು ಬೆಳಗ್ಗೆ ಕುಳ್ಳು ಸರಿಯಾಗಿ ಒಣಗಿಲ್ಲ, ಒಲೆಯೆಲ್ಲ ಹೊಗೆ ಎಂದು ನಾನು ಅವಳ ಮೇಲೆ ರೇಗಿದೆ. ಅಕಾಲದಲ್ಲಿ ಮೋಡ ಕವಿದು ಬಿಸಿಲೇ ಇಲ್ಲದಿದ್ದರೆ ನಾನೇನು ಮಾಡಲಿ ಎಂದು ಅವಳೂ ರೇಗಿದಳು. ಮಾತಿಗೆ ಮಾತು ಬೆಳೆಯಿತು. ಅತ್ತೆ ಒಳಗಿನಿಂದ ಬಂದು ನಮ್ಮಿಬ್ಬರ ಬಾಯಿ ಮುಚ್ಚಿಸಬೇಕಾಯಿತು.

ಬುಟ್ಟಿಯೆತ್ತಿ ಹೊರಟ ಹನುಮಕ್ಕ ಬಾಗಿಲಲ್ಲಿ ನಿಂತಳು.

"ಅಮ್ಮಾರೆ, ಇವತ್ತು ನೀವು ನನ್ನ ಕೇಳ್ಲೇ ಇಲ್ಲ."

"ಏನು?" ಎಂದೆ, ಸಿಟ್ಟಿನಲ್ಲೇ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಹೊರಟೇಹೋದಳು. ಅವಳು ಬೀದಿಯ ತಿರುವು ದಾಟಿದ ಮೇಲೆ ನನಗೆ ಅರ್ಥವಾಯಿತು.