ಏರಿದರೂ ಕೆಂಪು, ಇಳಿದರೂ ಕೆಂಪು

ನಾಳೆಯಿಂದ ನನ್ನ ಮೊಮ್ಮಗಳು ಸುಜಾತಾ ಶಾಲೆಗೆ ಹೋಗುತ್ತಾಳೆ. ಇನ್ನು ಹೆದರಬೇಡಿ, ಕಳಿಸಿ ಎಂದು ಡಾಕ್ಟರಮ್ಮನೇ ಇವತ್ತು ಹೇಳಿದರು. ಶಹಾಪುರದಿಂದ ಗೋಗಿಗೆ ಬರುವ ಆಟೋದಲ್ಲಿ ಗುರುತಿಲ್ಲದವರಿಗೂ ಹೇಳುತ್ತಾ ಬಂದೆ. ಯಾರೂ ಕೇಳಿರಲಿಲ್ಲ.

ಆದರೂ ಆಸ್ಪತ್ರೆಯವರು ಕೊಟ್ಟ ಆ ಮಷೀನು ಮೊದಲು ಹೇಗಿತ್ತೆಂದು ನೆನೆದರೆ ಈಗಲೂ ಉಗುಳಬೇಕೆನಿಸುತ್ತದೆ.

ಶುರುವಾದದ್ದು ವಾಸನೆಯಿಂದ. ಎಂಟು ವರ್ಷದ ಹುಡುಗಿ ತಂಬಿಗೆಗಟ್ಟಲೆ ನೀರು ಕುಡಿದಳು. ಸೊರಗಿದಳು. ಬಾಯಿಂದ ಕೊಳೆತ ಪೇರಲ ಹಣ್ಣಿನ ನಾತ. ಮೈತುಂಬಾ ವಾಂತಿ ಮಾಡಿಕೊಂಡವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ನನ್ನ ಸೀರೆಗೂ ಅದೇ ನಾತ. ಎಲೆಅಡಿಕೆ ಉಗುಳಿದ ಗೋಡೆಗೆ ಬೆನ್ನು ಕೊಟ್ಟು, ಮೂಗು ಮುಚ್ಚಿ ಕೂತೆ.

ಶುಗರ್ ಎಂದರು. ಬದುಕಿರುವ ತನಕ ಇನ್ಸುಲಿನ್ ಎಂದರು.

ಮನೆಗೆ ಕಳಿಸುವಾಗ ಅವಳ ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಒಂದನ್ನು ಅಂಟಿಸಿ, ಅದನ್ನು ತೋರಿಸುವ ಅಂಗೈಯಗಲದ ಮಷೀನು ಕೊಟ್ಟರು. ಪರದೆಯ ಮೇಲೊಂದು ದುಂಡು ಬೊಟ್ಟು. ಸಕ್ಕರೆ ಸರಿಯಿದ್ದರೆ ಹಸಿರು. ಏರಿದರೆ ಕೆಂಪು, ಆಗ ಇಂಜೆಕ್ಷನ್ ಕೊಡಿ ಎಂದು ಸಿಸ್ಟರ್ ಹೇಳಿದರು. ಅಂಕಿ, ಬಾಣದ ಗುರುತು ಅಂತ ಇನ್ನೂ ಏನೇನೋ ತೋರಿಸಿದರು. ನನಗೆ ಅಂಕಿ ಬರುತ್ತದೆ. ಆದರೆ ಅವು ಕೂದಲಿನಷ್ಟು ತೆಳ್ಳಗಿದ್ದವು, ಬಿಳಿ ಗೋಡೆಗೆ ಬೂದಿ ಬಳಿದ ಹಾಗೆ. ನನ್ನ ಕಣ್ಣಿಗೆ ಬಿದ್ದದ್ದು ದುಂಡೊಂದೇ.

ನಾನು ಬುದ್ಧಿ ಬಂದಾಗಿನಿಂದ ಮೆಣಸಿನಕಾಯಿ ಬಿಡಿಸಿದವಳು. ಹಸಿರು ಕೆಂಪಾಗುತ್ತದೆ. ಕೆಂಪಾದದ್ದು ಹಿಂದಕ್ಕೆ ಬರುವುದಿಲ್ಲ. ಬಣ್ಣಕ್ಕೆ ಒಂದೇ ದಾರಿ ಎಂದು ನನ್ನ ಕಣ್ಣು ಕಲಿತುಬಿಟ್ಟಿದೆ.

ಒಂದು ಮಧ್ಯಾಹ್ನ ದುಂಡು ಕೆಂಪಾಯಿತು. ಸಕ್ಕರೆ ಏರಿತೆಂದು ಇನ್ಸುಲಿನ್ ತುಂಬಿಕೊಂಡೆ.

“ಆಯಿ, ಕೈ ನಡಗಾಕತ್ತಾವ,” ಎಂದಳು ಸುಜಾತಾ.

ಇಂಜೆಕ್ಷನ್ ಕೊಟ್ಟರೆ ಇಳಿಯುತ್ತದೆ, ತಡಿ ಎಂದೆ. ಅಷ್ಟರಲ್ಲಿ ಹತ್ತಿ ಹೊಲದಿಂದ ನೀರು ಕುಡಿಯಲು ಬಂದ ಸೊಸೆ ರೇಣುಕಾ ನನ್ನ ಕೈ ಹಿಡಿದಳು.

“ಅತ್ತಿ, ಬಿಡ್ರಿ. ಕೂಸಿನ ಮೈ ತಣ್ಣಗಾಗ್ಯದ, ಬೆವರು ಸುರ್ಯಾಕತ್ತದ. ಸಕ್ಕರಿ ಏರಿಲ್ಲ, ಇಳದದ.”

ಇಳಿದರೂ ಅದೇ ಕೆಂಪು.

ಏರಿತೋ ಇಳಿಯಿತೋ ಹೇಳುವ ಬಾಣ ಮೂಲೆಯಲ್ಲಿತ್ತಂತೆ, ಬೂದಿ ಬಣ್ಣದಲ್ಲಿ. ರೇಣುಕಾ ಮಗುವಿನ ಬಾಯಿಗೆ ಸಕ್ಕರೆ ಹಾಕಿದಳು. ನಾನು ಸಿರಿಂಜ್ ಹಿಡಿದು ನಿಂತೇ ಇದ್ದೆ. ಕೊಟ್ಟಿದ್ದರೆ? ಇದ್ದ ಸಕ್ಕರೆಯೂ ಇಳಿದು ಕೂಸು ಕೈ ತಪ್ಪುತ್ತಿತ್ತು. ಮಷೀನನ್ನು ಮುಟ್ಟಲೂ ಅಸಹ್ಯವಾಯಿತು, ಸತ್ತ ಇಲಿಯ ಹಾಗೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನ ಮುಂದೆ ಅದನ್ನು ಇಟ್ಟು ಎಲ್ಲ ಹೇಳಿದೆ. ಅವರು ಮಷೀನಿನ ಕಂಪನಿಯಲ್ಲಿ ಪರದೆಯ ಬಣ್ಣ, ಅಕ್ಷರ ಮಾಡುವ ಹುಡುಗಿಯನ್ನೇ ಕರೆಸಿದರು. ಒಳ್ಳೆಯ ಹುಡುಗಿ, ಸಿಟ್ಟಾಗಲಿಲ್ಲ. ಕಣ್ಣು ಮೊದಲು ಹಿಡಿಯುವುದು ಅಲುಗಾಡುವುದನ್ನಂತೆ, ತೆಳ್ಳನೆಯ ಅಕ್ಷರ ಕೊನೆಗೆ. ವಯಸ್ಸಾದರೆ ಕಣ್ಣೊಳಗಿನ ಮಸೂರ ಹಳದಿಯಾಗಿ, ತಿಳಿ ಬಣ್ಣಗಳು ಅಳಿಸಿಹೋದಂತೆ ಕಾಣುತ್ತವಂತೆ. ಇಷ್ಟು ಗೊತ್ತಿದ್ದೂ ಬೂದಿ ಯಾಕೆ ಬಳಿದೆ ಎಂದು ಕೇಳಿದೆ. ಆಫೀಸಿನಲ್ಲಿ ಎಲ್ಲರೂ ಹರೆಯದವರು, ಎಲ್ಲರಿಗೂ ಚೆನ್ನಾಗಿ ಕಂಡಿತು ಎಂದಳು.

“ನಿಮ್ಮ ಆಫೀಸಿನ್ಯಾಗ ಯಾರೂ ಮುದುಕ್ರು ಆಗಂಗಿಲ್ಲೇನವ್ವ?”

ಡಾಕ್ಟರಮ್ಮ ನಕ್ಕರು. ಹುಡುಗಿ ನಗಲಿಲ್ಲ, ನನ್ನ ಪಕ್ಕ ಕೂತಳು. ಇಳಿದದ್ದಕ್ಕೆ ನೀಲಿ ಬಳಿದು ತೋರಿಸಿದಳು, ನನಗದು ಕಪ್ಪಾಗಿ ಕಂಡಿತು. ಕೊನೆಗೆ ಒಂದು ಕೊಡ ಬರೆದಳು. ಸಕ್ಕರೆ ಏರಿದರೆ ತುಂಬಿ ಚೆಲ್ಲುತ್ತದೆ, ಇಳಿದರೆ ಬರಿದಾಗಿ ಮಿನುಗುತ್ತದೆ. ಅಂಕಿ ದಪ್ಪ, ಕಪ್ಪು. ಕೆಲವು ತಿಂಗಳಿಗೆ ಆ ಕೊಡ ನಮ್ಮ ಅದೇ ಮಷೀನಿಗೆ ಬಂತು. ಅಂದಿನಿಂದ ನಾನೊಬ್ಬಳೇ ನೋಡಿಕೊಂಡೆ, ಒಮ್ಮೆಯೂ ತಪ್ಪಲಿಲ್ಲ. ಇವತ್ತಿನ ರಿಪೋರ್ಟು ಚೆನ್ನಾಗಿ ಬಂದದ್ದು ಹಾಗೆ.

ಕಾಯಿಲೆ ಬಂದಾಗಿನಿಂದ ಸುಜಾತಾ ಒಬ್ಬಳೇ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು. ನಾವೆಲ್ಲ ಕೆಲಸ ಮುಗಿದಂತೆ ಒಬ್ಬೊಬ್ಬರಾಗಿ. ಇವತ್ತು ಸಂಜೆ ನನ್ನ ಮಗ ಬೇಗ ಬಂದ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಸುಜಾತಾ ತಾನೇ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡಳು. ಆಮೇಲೆ ಔಷಧ ಹತ್ತುವ ತನಕ ಸ್ವಲ್ಪ ಹೊತ್ತು ಕಾಯಬೇಕು. ಅವಳ ಸಂಗಡ ನಾವೂ ಕಾದೆವು. ರೊಟ್ಟಿ ಆರಿತು. ಯಾರೂ ಕೈ ಹಾಕಲಿಲ್ಲ.

“ಈಗ ಉಣ್ರಿ,” ಎಂದಳು.

ಎಲ್ಲರೂ ಒಟ್ಟಿಗೆ ರೊಟ್ಟಿ ಮುರಿದೆವು.